ದುರ್ಯೋಧನನಿಗೆ ಹಾರ, ಸ್ಪೈಡರ್‌ಮ್ಯಾನ್‌ಗೆ ಬೈಗುಳ

ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಕಾಮಿಕ್ ಕಾನ್, ಅಂದರೆ ಕಾಮಿಕ್ಸ್, ಸಿನಿಮಾ ಪಾತ್ರಗಳ ಅಭಿಮಾನಿಗಳು ವೇಷ ಹಾಕಿಕೊಂಡು ಸೇರುವ ಜಾತ್ರೆ, ಇದೆ ಅನ್ನುವುದು ತುಮಕೂರಿನ ಬಸ್ ಸ್ಟ್ಯಾಂಡಿಗೆ ಬೆಳಗಿನ ಆರೂವರೆಗೆಲ್ಲ ಗೊತ್ತಾಗಿಬಿಡುತ್ತದೆ. ನೀಲಿ ಕೂದಲಿನ ಟೋಪನ್ ಇಟ್ಟುಕೊಂಡ ಹುಡುಗಿ, ಬೆನ್ನಿಗೆ ರಟ್ಟಿನ ಕತ್ತಿ ಬಿಗಿದುಕೊಂಡ ಹುಡುಗ, ಅವರ ಹಿಂದೆ ಮೈಗಂಟಿದ ಕೆಂಪು ನೀಲಿ ಬಟ್ಟೆಯ ಮೇಲೆ ಅಪ್ಪನ ಸ್ವೆಟರ್ ಹಾಕಿಕೊಂಡು ನಡುಗುತ್ತಾ ನಿಂತ ಸ್ಪೈಡರ್‌ಮ್ಯಾನ್. ಕಂಡಕ್ಟರು ಹುಡುಗಿಯ ಆಧಾರ್ ಕಾರ್ಡನ್ನೊಮ್ಮೆ, ತಲೆಯನ್ನೊಮ್ಮೆ ನೋಡುತ್ತಾರೆ. "ಏನಮ್ಮಾ, ಇದ್ರಲ್ಲಿ ಕೂದ್ಲು ಕರ್ರಗೈತೆ?" ಶಕ್ತಿ ಯೋಜನೆಯಲ್ಲಿ ನೀಲಿ ಕೂದಲಿನವರ ಬಗ್ಗೆ ಯಾವ ಸುತ್ತೋಲೆಯೂ ಬಂದಿಲ್ಲವಾದ್ದರಿಂದ ಅವಳು ಟೋಪನ್ ತೆಗೆದು ತೋರಿಸುತ್ತಾಳೆ, ಇವರು ಶೂನ್ಯ ಟಿಕೆಟ್ ಹರಿದುಕೊಡುತ್ತಾರೆ. ಹಿಂದಿನ ಸೀಟಿನ ಅಜ್ಜ, ಗುಬ್ಬಿ ಕಡೆಯವರಿರಬೇಕು, ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿಕೊಂಡು ಕೇಳುತ್ತಾರೆ: "ಯಾವೂರಲ್ಲಪ್ಪಾ ನಾಟ್ಕ?"

ಆ ಬಸ್ಸಿನಲ್ಲಿ ವಿಷಯ ಸರಿಯಾಗಿ ಅರ್ಥವಾಗಿದ್ದು ಅವರೊಬ್ಬರಿಗೆ.

ಮಿಕ್ಕ ಊರಿಗೆ ಇದು ಕೇಡುಗಾಲದ ಲಕ್ಷಣ. ಬಿ.ಎಚ್. ರಸ್ತೆಯ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಮುರಿಯುತ್ತಾ ಹಿರಿಯರು ತೀರ್ಪು ಕೊಟ್ಟಾಗಿದೆ. ಓದುವ ವಯಸ್ಸಿನಲ್ಲಿ ವೇಷ ಕಟ್ಟಿಕೊಂಡು ತಿರುಗುವುದೇನು, ವೇಷ ಹಾಕುವುದಕ್ಕೆ ಕೈಯಿಂದ ದುಡ್ಡು ಕೊಡುವುದೇನು, ಹುಟ್ಟೇ ಇರದ ಯಾವನದೋ ಹೆಸರಿನಲ್ಲಿ ಫೋಟೋ ತೆಗೆಸಿಕೊಳ್ಳುವುದೇನು! ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರಂತೂ, "ಇದು ನಮ್ ಸಂಸ್ಕೃತಿ ಅಲ್ಲ ಕಣ್ರೀ" ಎಂದು ಇನ್ನೊಂದು ಪ್ಲೇಟ್ ಹೇಳಿದರು.

ಈ ಅಧ್ಯಕ್ಷರು ಕಳೆದ ಶಿವರಾತ್ರಿಗೆ ದುರ್ಯೋಧನರಾಗಿದ್ದರು.

ಹೊರಜಿಲ್ಲೆಯವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡಿದವನಿಗೆ ದುಡ್ಡು ಕೊಡುವುದಿಲ್ಲ, ಪಾತ್ರ ಮಾಡುವವನೇ ದುಡ್ಡು ಕೊಡುತ್ತಾನೆ. ಪಾತ್ರಕ್ಕೊಂದು ದರ. ದುರ್ಯೋಧನ, ಕೃಷ್ಣ, ಕರ್ಣ, ಭೀಮ ಇವರೆಲ್ಲ ಮೇಲಿನ ದರದವರು. ವಿದುರ, ಸಾತ್ಯಕಿ ಮಧ್ಯಮ ವರ್ಗ. ಅಭಿಮನ್ಯು ಬೇಗ ಸಾಯುತ್ತಾನಾದರೂ ಸಾಯುವ ಸೀನಿಗೆ ಬೇಡಿಕೆ ಇರುವುದರಿಂದ ರಿಯಾಯಿತಿ ಇಲ್ಲ. ದ್ರೌಪದಿ, ಉತ್ತರೆ, ರುಕ್ಮಿಣಿಯರು ಮಾತ್ರ ಹೊರಗಿನಿಂದ ಬರುವ ಕಲಾವಿದೆಯರು. ಇಡೀ ಕುರುಕ್ಷೇತ್ರದಲ್ಲಿ ಲಾಭ ಮಾಡಿಕೊಂಡು ಮನೆಗೆ ಹೋಗುವವರು ಅವರು, ಹಾರ್ಮೋನಿಯಂ ಮೇಷ್ಟ್ರು ಮತ್ತು ಡ್ರಾಮಾ ಸೀನರಿಯವರು. ಪಾಂಡವರು ಗೆದ್ದರೂ ಸಾಲದಲ್ಲೇ ಇರುತ್ತಾರೆ.

ಊರ ಶಾಲೆಯ ಜಗಲಿಯಲ್ಲಿ ತಿಂಗಳುಗಟ್ಟಲೆ ಪ್ರಾಕ್ಟೀಸು. ಆಮೇಲೆ ಆ ಒಂದು ರಾತ್ರಿ. ಕಿರೀಟ, ಭುಜಕೀರ್ತಿ, ಗದೆ, ಮಣಿಕಟ್ಟಿನಲ್ಲಿ ತೆಗೆಯಲು ಮರೆತ ವಾಚು. ದುಶ್ಯಾಸನ ದ್ರೌಪದಿಯ ಸೆರಗಿಗೆ ಕೈ ಹಾಕಿದ್ದಾನೆ, ಸಭೆ ಸ್ತಬ್ಧವಾಗಿದೆ, ಅಷ್ಟರಲ್ಲಿ ಮೈಕು: "ದುಶ್ಯಾಸನ ಪಾತ್ರಧಾರಿಗೆ ಅವರ ಬಾಮೈದನವರಿಂದ ಒಂದು ಹಾರ, ಐನೂರ ಒಂದು ರೂಪಾಯಿ." ದುಶ್ಯಾಸನ ಸೆರಗು ಬಿಟ್ಟು, ಮುಂದೆ ಬಂದು, ಹಾರ ಹಾಕಿಸಿಕೊಂಡು, ಬಾಮೈದನ ಜೊತೆ ಕ್ಯಾಮೆರಾಕ್ಕೆ ನಗುತ್ತಾನೆ. ಅಲ್ಲಿಯವರೆಗೆ ದ್ರೌಪದಿ ತನ್ನ ಸೆರಗನ್ನು ತಾನೇ ಚಾಚಿ ಹಿಡಿದುಕೊಂಡು ಕಾಯಬೇಕು. ಇನ್ನು ಬೆಳಗಿನ ಜಾವ ತೊಡೆ ಮುರಿಸಿಕೊಳ್ಳಬೇಕಾದ ದುರ್ಯೋಧನ, "ನನ್ನವು ಹಾಡೋ ಕಂದಪದ್ಯ ಎರಡು ಬಾಕಿ ಐತೆ, ದುಡ್ಡು ಪೂರ್ತಿ ಕೊಟ್ಟಿದೀನಿ" ಎಂದು ಸಾಯಲು ಒಪ್ಪುವುದಿಲ್ಲ. ಭೀಮ ಗದೆ ಊರಿಕೊಂಡು ಆಕಳಿಸುತ್ತಾ ನಿಂತಿರುತ್ತಾನೆ.

ಇದನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ವರ್ಷವಿಡೀ ಬೋರ್‌ವೆಲ್ ಸಾಲಕ್ಕೆ ಬ್ಯಾಂಕಿನ ಮುಂದೆ ಕೈಕಟ್ಟಿ ನಿಲ್ಲುವ ಮನುಷ್ಯ ಒಂದು ರಾತ್ರಿ ಶ್ರೀಕೃಷ್ಣನನ್ನೇ ಏಕವಚನದಲ್ಲಿ ಬೈಯುತ್ತಾನೆ ಎಂದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ನನ್ನ ತಕರಾರು ಇಷ್ಟೇ: ದುಡ್ಡು ಕೊಟ್ಟು ಕಿರೀಟ ಇಟ್ಟುಕೊಂಡ ಐವತ್ತರ ಹರೆಯದವರು ಕಲಾವಿದರು, ದುಡ್ಡು ಕೊಟ್ಟು ಟೋಪನ್ ಇಟ್ಟುಕೊಂಡ ಇಪ್ಪತ್ತರವರು ಕೆಟ್ಟುಹೋದವರು, ಇದು ಯಾವ ನ್ಯಾಯ?

ಹೋಗಲಿ, ಜಿಲ್ಲೆಯ ಹಿರಿತನವನ್ನಾದರೂ ನೋಡಬೇಡವೇ? ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಶುರುವಾಗಿದ್ದು 1884ರಲ್ಲಿ. ಮುಂದೆ ವೀರಣ್ಣನವರ ಕಾಲಕ್ಕೆ ಅದೇ ಕಂಪನಿ ಕುರುಕ್ಷೇತ್ರದ ರಂಗಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿತು. ಅಮೆರಿಕದವರು ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ಮಾಡಿದ್ದು 1939ರಲ್ಲಿ. ಅಲ್ಲಿಗೆ ಇಬ್ಬರೇ ಇಬ್ಬರು ಭವಿಷ್ಯದ ಕಾಲದ ಉಡುಪು ತೊಟ್ಟು ಬಂದಿದ್ದರು, ಫಾರೆಸ್ಟ್ ಆಕರ್ಮನ್ ಎಂಬಾತ ಮತ್ತು ಮಿರ್ಟಲ್ ಡಗ್ಲಸ್ ಎಂಬಾಕೆ. ಇಬ್ಬರ ಬಟ್ಟೆಯನ್ನೂ ಹೊಲಿದವಳು ಆಕೆ, ಬಹುಕಾಲ ಹೆಸರು ಓಡಾಡಿದ್ದು ಆತನದು. (ಈ ವಿಷಯದಲ್ಲಿ ನ್ಯೂಯಾರ್ಕಿಗೂ ನಮ್ಮೂರಿಗೂ ವ್ಯತ್ಯಾಸವಿಲ್ಲ.) ಸ್ಯಾನ್ ಡಿಯಾಗೊದ ಪ್ರಖ್ಯಾತ ಕಾಮಿಕ್ ಕಾನ್ 1970ರಲ್ಲಿ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಕೆಲವು ನೂರು ಜನರಿಂದ ಶುರುವಾಗಿ ಈಗ ಲಕ್ಷ ದಾಟಿದೆ. ನಮ್ಮ ದೇಶಕ್ಕೆ ಆ ಗಾಳಿ ಬೀಸಿದ್ದು 2011ರಲ್ಲಿ ದೆಹಲಿಯಲ್ಲಿ, ಮರುವರ್ಷ ಬೆಂಗಳೂರಿನಲ್ಲಿ. ಗುಬ್ಬಿ ಕಂಪನಿಯವರು ವೃತ್ತಿಯವರು, ಸಂಬಳಕ್ಕೆ ಆಡಿದವರು ಅನ್ನಬಹುದು. ನಿಜ. ಕೈಯಿಂದ ಖರ್ಚು ಮಾಡಿ ವೇಷ ಹಾಕುವ ಚಟ ಅಂಟಿದ್ದು ಅಂಥ ಕಂಪನಿಗಳ ನಾಟಕ ನೋಡಿ ಮನೆಗೆ ಬಂದವರಿಗೆ. ಅಭಿಮಾನಿ ಅಂದರೆ ಅವನೇ ತಾನೆ?

ವೈಟ್‌ಫೀಲ್ಡಿಗೆ ಹೋಗುವ ನಮ್ಮ ಮಕ್ಕಳ ಪಾಡು ನೋಡಿ. ಯೋಗ ಮಾಡುತ್ತೇನೆಂದು ಅಮ್ಮ ತಂದಿಟ್ಟ ಮ್ಯಾಟನ್ನು ಕತ್ತರಿಸಿ, ಗ್ಲೂ ಗನ್ನಿನಲ್ಲಿ ಅಂಟಿಸಿ, ಸ್ಪ್ರೇ ಪೇಂಟ್ ಹೊಡೆದು ಎದೆಕವಚ ಮಾಡಿಕೊಳ್ಳಬೇಕು. ಮಾದಾವರದಲ್ಲಿ ಹಸಿರು ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆಗೆ ಬದಲಾಯಿಸಿ, ಕವಚ ಮುರಿಯದಂತೆ ಬೆಂಗಳೂರಿನ ಆಚೆ ತುದಿ ಮುಟ್ಟಬೇಕು. ಗೇಟಿನಲ್ಲಿ ಕತ್ತಿ, ಬಿಲ್ಲು, ಕೊಡಲಿ ಎಲ್ಲವನ್ನೂ ಮುಟ್ಟಿ ನೋಡಿ, ರಟ್ಟು ಎಂದು ಖಾತ್ರಿಯಾದ ಮೇಲೆ ಒಳಗೆ ಬಿಡುತ್ತಾರೆ. ಒಳಗೆ ಫೋಟೋ ತೆಗೆಯಬೇಕಾದರೆ ಕೇಳಿ ತೆಗೆಯಬೇಕು. ವೇಷ ಹಾಕಿದ ಮಾತ್ರಕ್ಕೆ ಮೈಮುಟ್ಟಲು ಒಪ್ಪಿಗೆ ಕೊಟ್ಟಂತಲ್ಲ ಎಂದು ನ್ಯೂಯಾರ್ಕಿನ ಕಾನ್‌ನಲ್ಲಿ 2014ರಲ್ಲೇ ದೊಡ್ಡ ಬೋರ್ಡು ಹಾಕಿದರು. ಲೋಕವನ್ನು ಸುಟ್ಟು ಬೂದಿ ಮಾಡುವ ರಾಕ್ಷಸನೂ ಅಲ್ಲಿ ಸಮೋಸಾಕ್ಕೆ ಕ್ಯೂ ನಿಲ್ಲುತ್ತಾನೆ.

ಇತ್ತ ನಮ್ಮ ಸಂಸ್ಕೃತಿಯುಳ್ಳ ಅಭಿಮಾನ. ರಾಜಕುಮಾರ್ ಅವರು ಅಭಿಮಾನಿ ದೇವರುಗಳೇ ಎಂದು ಕೈಮುಗಿದರು, ಅದು ಅವರ ದೊಡ್ಡತನ. ಆದರೆ ದೇವರೇ ಏಣಿ ಹತ್ತಿ ಕಟೌಟಿಗೆ ಅಭಿಷೇಕ ಮಾಡುವುದು ಯಾವ ಆಗಮದಲ್ಲಿದೆಯೋ ತಿಳಿಯದು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಫ್ಯಾಟ್ ಕಡಿಮೆ ಅಂತ ಮಾತು ಕೇಳಿಸಿಕೊಂಡು ಬಂದವನ ಮಗ, ಅದೇ ಹಾಲನ್ನು ಪ್ಯಾಕೆಟ್ಟಿನಲ್ಲಿ ಕೊಂಡು ಪ್ಲೈವುಡ್ಡಿನ ತಲೆಯ ಮೇಲೆ ಸುರಿಯುತ್ತಾನೆ. ಪ್ಲೈವುಡ್ಡು ಫ್ಯಾಟ್ ಎಷ್ಟು ಎಂದು ಕೇಳುವುದಿಲ್ಲ, ಅದೊಂದು ಸಮಾಧಾನ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ನಡುರಾತ್ರಿ ಕಟೌಟ್ ಎತ್ತಲು ಹೋಗಿ ಮೂವರು ಹುಡುಗರು ಕರೆಂಟ್ ಹೊಡೆದು ಸತ್ತರು. ನಟ ಆ ಊರಿಗೆ ಹೋಗಿ, ಇಂಥದ್ದು ಬೇಡ ಎಂದು ಕೇಳಿಕೊಂಡು ಬಂದರು. ಆಮೇಲೂ ರಾಜ್ಯದಲ್ಲಿ ಕಟೌಟುಗಳ ಎತ್ತರ ಕಡಿಮೆಯಾದಂತೆ ನನಗೆ ಕಂಡಿಲ್ಲ. ರಟ್ಟಿನ ಕತ್ತಿಯಿಂದ ಸಂಸ್ಕೃತಿ ಹಾಳಾಗುತ್ತದೆ ಎಂದು ಹೆದರುವವರು ಕರೆಂಟ್ ತಂತಿಯ ಪಕ್ಕದ ಕಬ್ಬಿಣದ ಫ್ರೇಮನ್ನು ಕತ್ತೆತ್ತಿ ನೋಡುವುದೂ ಇಲ್ಲ.

ವೇಷದ ಮಾತಿಗೆ ಬಂದರೆ ರಾಜಕೀಯದವರನ್ನು ಬಿಡುವ ಹಾಗೇ ಇಲ್ಲ. ಕೊಬ್ಬರಿ ಬೆಲೆ ಬಿದ್ದ ವಾರ ತಿಪಟೂರಿನ ಕಡೆ ಹಸಿರು ಶಾಲು, ಚುನಾವಣೆಯ ವಾರ ಹೆಗಲ ಮೇಲೆ ನೇಗಿಲು, ಮಠದ ಮುಂದೆ ಹಣೆ ತುಂಬ ವಿಭೂತಿ, ಬೆಂಗಳೂರಿಗೆ ಹೋದಾಗ ಬಿಳಿ ಅಂಗಿಯ ಜೇಬಿನಲ್ಲಿ ಪೆನ್ನು. ಕಾಮಿಕ್ ಕಾನಿಗೆ ಹೋದ ಹುಡುಗ ಸಂಜೆ ವೇಷ ಕಳಚಿ ಬ್ಯಾಗಿಗೆ ತುರುಕಿ, ನೆಲಮಂಗಲ ಟೋಲ್ ದಾಟುವ ಹೊತ್ತಿಗೆ ಮಾಮೂಲಿ ಮನುಷ್ಯನಾಗಿ ನಿದ್ದೆ ಹೊಡೆಯುತ್ತಾನೆ. ಇವರಿಗೆ ಐದು ವರ್ಷ ಆ ಭಾಗ್ಯವಿಲ್ಲ.

ಈಗ ಆ ಮಕ್ಕಳೇ, ಅಷ್ಟು ದೂರ ಯಾಕೆ, ಅಮಾನಿಕೆರೆಯ ಗಾಜಿನ ಮನೆಯಲ್ಲಿ ನಮ್ಮದೇ ಒಂದು ಕಾನ್ ಮಾಡೋಣ ಎಂದು ಹೊರಟರು ಅಂತಿಟ್ಟುಕೊಳ್ಳಿ. ಮುಂದಿನದಕ್ಕೆ ಜ್ಯೋತಿಷಿ ಬೇಕಿಲ್ಲ. ಅನುಮತಿಗೆ ಅರ್ಜಿ ಹೋಗುತ್ತದೆ. ಅರ್ಜಿ ಕಂಡ ಹಿರಿಯರಿಗೆ ಇದೇನೋ ಸಮಾರಂಭ ಎಂದು ತಿಳಿಯುತ್ತದೆ. ಸಮಾರಂಭ ಎಂದ ಮೇಲೆ ಸಮಿತಿ. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಉಪಾಧ್ಯಕ್ಷರು ಹನ್ನೊಂದು ಜನ, ಕೆಲಸ ಮಾಡಲು ಕಾರ್ಯದರ್ಶಿ ಒಬ್ಬ. ಅಧ್ಯಕ್ಷರು ಯಾರೆಂದು ಹೇಳಬೇಕೇ? ನಮ್ಮ ದುರ್ಯೋಧನರೇ. ಸಂಸ್ಕೃತಿಯಲ್ಲದ್ದು ವೇದಿಕೆ ಸಿಕ್ಕಿದ ತಕ್ಷಣ ಸಂಸ್ಕೃತಿಯಾಗುತ್ತದೆ. ಆಹ್ವಾನ ಪತ್ರಿಕೆ ಬಿಡಿಸಿದರೆ ಚಾಪೆಯಷ್ಟಗಲ. ಅದರಲ್ಲಿ ಎಂಬತ್ತು ಹೆಸರು, 'ಘನ ಉಪಸ್ಥಿತಿ' ಬೇರೆ. ಕಾಮಿಕ್ ಎಂಬ ಪದ ಒಂದೇ ಕಡೆ ಇದೆ, ಅದೂ ಕಾಸ್ಮಿಕ್ ಎಂದು ಅಚ್ಚಾಗಿದೆ.

ಪೂರ್ವಭಾವಿ ಸಭೆಯಲ್ಲಿ ಕಾರ್ಯಕ್ರಮ ಪಟ್ಟಿ ಸಿದ್ಧವಾಗುತ್ತದೆ. ಹತ್ತೂವರೆಗೆ ಉದ್ಘಾಟನೆ ಎಂದು ಹಾಕೋಣ, ಒಂದೂವರೆಗೆ ಗಣ್ಯರು ಬರುತ್ತಾರೆ. ಪೂರ್ಣಕುಂಭ, ನಾದಸ್ವರ, ನಾಡಗೀತೆ, ರೈತಗೀತೆ. ಸೂಪರ್‌ಮ್ಯಾನ್ ಗೇಟಿನಲ್ಲಿ ನಿಂತು ಪನ್ನೀರು ಚಿಮುಕಿಸಲಿ, ಎತ್ತರದ ಹುಡುಗ, ಚೆನ್ನಾಗಿ ಕಾಣುತ್ತದೆ. ಗಣ್ಯರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಶಾಲು ಹೊದಿಸುವ ಮುನ್ನ ಒಪ್ಪಿಗೆ ಕೇಳಬೇಕು ಎಂದು ನೀಲಿ ಟೋಪನ್ ಹುಡುಗಿ ಹೇಳಿದ್ದಕ್ಕೆ ಸಭೆಯೆಲ್ಲ ನಗುತ್ತದೆ. ಸ್ಪರ್ಧೆಗೆ ಬಂದವರ ವೇಷ ನೋಡುವುದು ಯಾವಾಗ? ಸಮಯ ಉಳಿದರೆ.

ಕೊನೆಗೆ ಪಾತ್ರ ಹಂಚಿಕೆ. ಇದು ಹಾಗಲ್ಲ, ಯಾರು ಬೇಕಾದರೂ ಯಾವ ವೇಷದಲ್ಲಾದರೂ ಬರಬಹುದು, ಹತ್ತು ಜನ ಬ್ಯಾಟ್‌ಮ್ಯಾನ್ ಆದರೂ ತೊಂದರೆಯಿಲ್ಲ ಎಂದು ಕಾರ್ಯದರ್ಶಿ ಹುಡುಗ ವಿವರಿಸುತ್ತಾನೆ. ಹತ್ತು ದುರ್ಯೋಧನರನ್ನು ಒಂದೇ ರಂಗದ ಮೇಲೆ ಊಹಿಸಿಕೊಂಡು ಅಧ್ಯಕ್ಷರು ಬೆವರುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಯಾರು ಕರೆದರೋ, ಅವರೂ ಬಂದು ಕೂತಿದ್ದಾರೆ.

"ಬ್ಯಾಟ್‌ಮ್ಯಾನ್‌ಗೆ ಕಂದ ಎಷ್ಟು?" ಎಂದು ಕೇಳುತ್ತಾರೆ ಮೇಷ್ಟ್ರು.

"ಅವ್ನು ಹಾಡಲ್ಲ ಸಾರ್. ರಾತ್ರಿ ಹೊತ್ತು ಬಂದು ಹೊಡೀತಾನೆ ಅಷ್ಟೆ."

"ಹಾಡಿಲ್ದಿರೋ ಪಾತ್ರಕ್ಕೆ ಯಾರಪ್ಪಾ ದುಡ್ ಕೊಡ್ತಾರೆ? ಎಂಟ್ರಿಗೆ ಮೋಹನದಲ್ಲಿ ಒಂದು ಹಾಕಣ ಬಿಡು."

ಹಾಡು ಸಿಕ್ಕಿತೆಂದ ಮೇಲೆ ಬ್ಯಾಟ್‌ಮ್ಯಾನ್‌ಗೆ ಬೆಲೆ ಬರುತ್ತದೆ. ಕೂಗು ಏರಿ ಏರಿ ಅಧ್ಯಕ್ಷರ ಹೆಸರಿಗೇ ನಿಲ್ಲುತ್ತದೆ. ಅವರದ್ದು ಒಂದೇ ಷರತ್ತು, ಮುಖವಾಡ ಹಾಕುವುದಿಲ್ಲ.

"ಅಣ್ಣಾ, ಅವ್ನು ಯಾರು ಅಂತ ಊರಿಗೆ ಗೊತ್ತಾಗಬಾರ್ದು. ಕಥೇನೇ ಅದು."

"ಗೊತ್ತಾಗಬಾರ್ದು ಅಂದ್ರೆ ನಾನ್ಯಾಕಪ್ಪಾ ದುಡ್ ಕೊಡ್ಲಿ? ಫ್ಲೆಕ್ಸಲ್ಲಿ ಮುಖ ಕಾಣ್ದಿದ್ರೆ ನಾಳೆ ವಾರ್ಡಲ್ಲಿ ಯಾವನ್ ಓಟ್ ಹಾಕ್ತಾನೆ?"

ಮುಖವಾಡ ರದ್ದು. ಹುಡುಗನ ಉತ್ಸಾಹ ಮೆಚ್ಚಿ ಅವನಿಗೆ ಸಾರಥಿಯ ಪಾತ್ರ, ಅರ್ಧ ದರಕ್ಕೆ. ಮೇಷ್ಟ್ರು ಅಲ್ಲೇ ಹಾರ್ಮೋನಿಯಂ ತಿದಿ ಒತ್ತಿ ಮೊದಲ ಮಾತು ಕಟ್ಟಿಕೊಡುತ್ತಾರೆ. ಅಧ್ಯಕ್ಷರು ಎದ್ದು ನಿಂತು, ಪಂಚೆ ಎತ್ತಿ ಕಟ್ಟಿ, ಇಲ್ಲದ ಗದೆಯನ್ನು ಹೆಗಲಿಗೇರಿಸಿ ಅಬ್ಬರಿಸುತ್ತಾರೆ: "ಎಲೈ ಸಾರಥಿ! ನಮ್ಮೀ ಗೋಥಂ ಪಟ್ಟಣದಲ್ಲಿ ಮಳೆ ಬೆಳೆಗಳು ಹೇಗಿರುವುವು?"

ಹುಡುಗನಿಗೆ ಮಾತು ಬರೆದುಕೊಟ್ಟಿರಲಿಲ್ಲ. ಬಾಯಿಗೆ ಬಂದದ್ದು ಹೇಳುತ್ತಾನೆ: "ಹೇಮಾವತಿ ನೀರು ಇನ್ನೂ ಬಿಟ್ಟಿಲ್ಲ ಪ್ರಭು."

ಸಭೆಗೆ ಸಭೆಯೇ ಚಪ್ಪಾಳೆ ತಟ್ಟುತ್ತದೆ. ಅಧ್ಯಕ್ಷರು ಮಾತ್ರ ಕೈಯೆತ್ತಿ ನಿಲ್ಲಿಸುತ್ತಾರೆ. "ಆ ಡೈಲಾಗ್ ತೆಗೀರಿ ಮೇಷ್ಟ್ರೇ. ಉದ್ಘಾಟನೆಗೆ ಬರೋರು ನೀರಾವರಿಯೋರು."