ಎರಡು ಹಲ್ಲಿನ ವಂಶಾವಳಿ

ಚೀನಾದ ಶಾಲಾ ಮಕ್ಕಳಿಗೆ ದೇಶದ ಇತಿಹಾಸ ಶುರುವಾಗುವುದು ಆದಿಮಾನವನ ಎರಡು ಬಾಚಿಹಲ್ಲಿನಿಂದ. 1965ರಲ್ಲಿ ಯುನ್ನಾನ್ ಪ್ರಾಂತ್ಯದ ಯುವಾನ್‌ಮೌನಲ್ಲಿ ಸಿಕ್ಕವು. ವಯಸ್ಸು 17 ಲಕ್ಷ ವರ್ಷವಂತೆ. ಅಷ್ಟೆಲ್ಲ ಆಗಿರಲಾರದು ಎಂದು ತಕರಾರು ತೆಗೆದ ತಜ್ಞರೂ ಇದ್ದಾರೆ, ಆದರೆ ತಕರಾರಿಗೆ ಪರೀಕ್ಷೆಯಲ್ಲಿ ಮಾರ್ಕ್ಸ್ ಸಿಗುವುದಿಲ್ಲ.

17 ಲಕ್ಷವೂ ಸಾಲದಾಯಿತೋ ಏನೋ, 1980ರ ದಶಕದಲ್ಲಿ ವೂಶಾನ್ ಬಳಿಯ ಲುಂಗ್‌ಗುಪೋ ಗುಹೆಯಿಂದ ಒಂದು ದವಡೆ ಚೂರು ಎದ್ದು ಬಂತು. ಅದರಲ್ಲೂ ಎರಡೇ ಹಲ್ಲು! 1995ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆ ಅದರ ಮೇಲೊಂದು ಲೇಖನ ಹಾಕಿತು: ಮನುಷ್ಯ ಕುಲದ್ದು, ಸುಮಾರು 19 ಲಕ್ಷ ವರ್ಷ ಹಳೆಯದು. ಮನುಷ್ಯ ಆಫ್ರಿಕಾದಿಂದ ಬಂದವನು ಎಂದರೆ ಮುಖ ಸಿಂಡರಿಸುವವರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೆ? ಬೆರಳೆಣಿಕೆಯ ಹಲ್ಲು ಇಡೀ ರಾಷ್ಟ್ರಾಭಿಮಾನವನ್ನು ಕಚ್ಚಿ ಹಿಡಿದವು.

2009ರಲ್ಲಿ, ಆ ಲೇಖನ ಬರೆದವರಲ್ಲೇ ಒಬ್ಬರಾದ ರಸೆಲ್ ಸಿಯೋಕನ್ ಅದೇ ಪತ್ರಿಕೆಯಲ್ಲಿ ತಿರುಗಿ ಬಂದು, ದವಡೆ ಮನುಷ್ಯನದಲ್ಲ, ಯಾವುದೋ ವಾನರನದು ಎಂದರು. ಹದಿನಾಲ್ಕು ವರ್ಷ ಪಿತೃಪಕ್ಷದ ಎಡೆಯನ್ನು ಯಾರಿಗೋ ಇಟ್ಟ ಹಾಗಾಯಿತು. (ವಾನರನನ್ನು ಯಾರೂ ಕೇಳಿರಲಿಲ್ಲ, ಪಾಪ.)

ಅಷ್ಟರಲ್ಲಿ, 2001ರಲ್ಲೇ, ಚೀನಾದವರೇ ಆದ ತಳಿವಿಜ್ಞಾನಿ ಜಿನ್ ಲಿ ಮತ್ತು ಸಂಗಡಿಗರು 12,000ಕ್ಕೂ ಹೆಚ್ಚು ಗಂಡಸರ ವೈ ಕ್ರೋಮೋಸೋಮ್ (ಅಪ್ಪನಿಂದ ಮಗನಿಗೆ ಇಳಿಯುವ ವಂಶತಂತು) ಪರೀಕ್ಷಿಸಿದ್ದರು. ಅಷ್ಟು ಜನರಲ್ಲಿ ಒಬ್ಬನ ವಂಶದ ಜಾಡೂ ಆಫ್ರಿಕಾ ಬಿಟ್ಟು ಬೇರೆಡೆಗೆ ಹೋಗಲಿಲ್ಲ. ಹನ್ನೆರಡು ಸಾವಿರ ಗಂಡಸರ ಸಾಕ್ಷಿ ಒಂದು ಕಡೆ, ಎರಡು ಹಲ್ಲು ಇನ್ನೊಂದು ಕಡೆ. ಪಠ್ಯಪುಸ್ತಕ ಯಾವ ಕಡೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗೆ ನೋಡಿದರೆ ಪೂರ್ವಜರ ಮೇಲಿನ ಈ ಮಮಕಾರ ತೀರಾ ಹೊಸದು. ಭೂಮಿಯಲ್ಲಿ ಸಿಕ್ಕ ಹಳೆಯ ಮೂಳೆ, ಹಲ್ಲುಗಳೆಲ್ಲ ಡ್ರ್ಯಾಗನ್‌ನವು ಎಂದು ಶತಮಾನಗಟ್ಟಲೆ ಔಷಧಿ ಅಂಗಡಿಗೆ ಹೋಗುತ್ತಿದ್ದವು. ಕುಟ್ಟಿ ಪುಡಿ ಮಾಡಿ ನಿದ್ದೆ ಬಾರದವರಿಗೆ ಕಷಾಯ. ಎಷ್ಟು ಮುತ್ತಾತಂದಿರು ಹೀಗೆ ಮರಿಮಕ್ಕಳ ಹೊಟ್ಟೆ ಸೇರಿದರೋ!

ಅಪ್ಪಟ ಸ್ವದೇಶಿಯೇ ಬೇಕೆಂದರೆ ದಕ್ಷಿಣ ಚೀನಾದಲ್ಲಿ ಹಿಂದೆ ಇದ್ದ ಒಂದು ದೈತ್ಯ ವಾನರನನ್ನು ಹಿಡಿಯಬಹುದು. ಕಾಡು ಬದಲಾದರೂ ಹಳೆಯ ಚಾಳಿ ಬಿಡದೆ, ಸುಮಾರು ಎರಡೂವರೆ ಲಕ್ಷ ವರ್ಷಗಳ ಹಿಂದೆ ಇದ್ದಲ್ಲೇ ನಿರ್ನಾಮವಾಯಿತು. ನಮಗೆ ಉಳಿದದ್ದು ನಾಲ್ಕು ದವಡೆ, ಎರಡು ಸಾವಿರದಷ್ಟು ಹಲ್ಲು. ವಂಶಾವಳಿಗೆ ಧಾರಾಳವಾಯಿತು. ಹೆಸರೊಂದೇ ತೊಡಕು: ಜೈಗಾಂಟೊಪಿಥೆಕಸ್ ಬ್ಲ್ಯಾಕಿ. ಚೀನಾದಲ್ಲಿ ಆದಿಮಾನವರ ಪಳೆಯುಳಿಕೆ ಅಧ್ಯಯನ ಮಾಡಿದ ಕೆನಡಾದ ಡೇವಿಡ್‌ಸನ್ ಬ್ಲ್ಯಾಕ್ ನೆನಪಿಗೆಂದು ಬರ್ಲಿನ್‌ನಲ್ಲಿ ಹುಟ್ಟಿದ ಪಳೆಯುಳಿಕೆ ತಜ್ಞ ಕೋನಿಗ್ಸ್‌ವಾಲ್ಡ್ ಇಟ್ಟದ್ದು, 1935ರಲ್ಲಿ, ಬ್ರಿಟಿಷರ ಹಾಂಗ್‌ಕಾಂಗಿನ ಔಷಧಿ ಅಂಗಡಿಯಲ್ಲಿ ಕಂಡ ಹಲ್ಲಿಗೆ.