ಮುಂದೆ ರಾಗಿ, ಹಿಂದೆ ಮೈದಾ

ಇವತ್ತು ಸಂಜೆ ಜಯನಗರದ ಒಂದು ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕಂಡದ್ದು ಇನ್ನೂ ತಲೆಯಿಂದ ಹೋಗಿಲ್ಲ. ಏಳೆಂಟು ವರ್ಷದ ಹುಡುಗಿಯ ಕೈ ಹಿಡಿದುಕೊಂಡ ತಾಯಿ, "ಅಣ್ಣಾ, ಇವಳಿಗೆ ಗೋಧಿ ಪೂರ್ತಿ ಬಿಡಿಸಿದ್ದಾರೆ ಡಾಕ್ಟ್ರು, ಏನಾದ್ರೂ ಇದ್ಯಾ?" ಅಂತ ಕೇಳಿದರು. ಅಂಗಡಿಯವರು ಒಂದು ಕ್ಷಣವೂ ಯೋಚಿಸದೆ ರಾಗಿ ನಿಪ್ಪಟ್ಟಿನ ಪ್ಯಾಕೆಟ್ ಎತ್ತಿಕೊಟ್ಟರು. "ತಗೊಳ್ಳಿ ಅಕ್ಕ, ಇದು ರಾಗೀದು, ಗ್ಲುಟನ್ ಫ್ರೀ." ಹಾಗಂತ ಒಂದು ಹಸಿರು ಚೀಟಿಯನ್ನೂ ಅಂಟಿಸಿದ್ದರು. ಪ್ಯಾಕೆಟ್ ಈಸಿಕೊಂಡು ತಿರುಗಿಸಿ ನೋಡಿದೆ. ಮೊದಲು ಅಕ್ಕಿ ಹಿಟ್ಟು, ಆಮೇಲೆ ಮೈದಾ, ಮೂರನೆಯದಾಗಿ ರಾಗಿ 18%.

ಗ್ಲುಟನ್ ಎಂದರೆ ಗೋಧಿ, ಬಾರ್ಲಿ, ರೈಗಳಲ್ಲಿರುವ, ಅಕ್ಕಿ ರಾಗಿಗಳಲ್ಲಿ ಇಲ್ಲದ ಅಂಟಿನ ಪ್ರೋಟೀನು; ಸೀಲಿಯಾಕ್ ಎಂಬ ಕಾಯಿಲೆ ಇರುವವರ ಕರುಳಿಗೆ ಅದರಿಂದ ಹಾನಿ. ಅದಕ್ಕೇ ಈ ಪ್ಯಾಕೆಟ್ಟಿನ ಲೆಕ್ಕವನ್ನು ಹೇಳಲೇಬೇಕು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ರಾಗಿ 18% ಇದ್ದು ಮೈದಾ ಅದಕ್ಕಿಂತ ಮೊದಲು ಬಂದಿದೆ ಎಂದರೆ ಮೈದಾ ಕನಿಷ್ಠ 18% ಇದೆ. ಮೈದಾದಲ್ಲಿ ನೂರಕ್ಕೆ ಎಂಟು ಹತ್ತು ಭಾಗ ಗ್ಲುಟನ್. ನೂರು ಗ್ರಾಂ ಪ್ಯಾಕೆಟ್ ಅಂದರೆ ಸುಮಾರು ಒಂದೂವರೆ ಗ್ರಾಂ, ಅಂದರೆ 1500 ಮಿಲಿಗ್ರಾಂ ಗ್ಲುಟನ್. ಎಫ್‌ಎಸ್‌ಎಸ್‌ಎಐ ಎಂಬ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಗ್ಲುಟನ್ ಫ್ರೀ ಎಂದು ಬರೆಯಬೇಕಾದರೆ ಒಂದು ಕೆಜಿ ಆಹಾರದಲ್ಲಿ 20 ಮಿಲಿಗ್ರಾಂ ಮೀರಬಾರದು. ನೂರು ಗ್ರಾಂಗೆ 2 ಮಿಲಿಗ್ರಾಂ. ಎರಡು ಇರಬೇಕಾದ ಕಡೆ ಸಾವಿರದೈನೂರು! ಅದರ ಮೇಲೆ ಹಸಿರು ಚೀಟಿ. ಹೊಟ್ಟೆ ಉರಿಯದೆ ಇರುತ್ತದೆಯೇ?

ಹೇಳಬೇಕಾದ್ದು ಒಂದೇ: ರಾಗಿ ಎನ್ನುವುದು ಧಾನ್ಯದ ಹೆಸರು, ಗ್ಲುಟನ್ ಇಲ್ಲ ಎನ್ನುವ ಭರವಸೆ ಅಲ್ಲ. ಸಿರಿಧಾನ್ಯ ಎಂಬ ಪದವೂ ಅಲ್ಲ, ಪ್ಯಾಕೆಟ್ಟಿನ ಮುಂಭಾಗದ ತೆನೆಯ ಚಿತ್ರವೂ ಅಲ್ಲ. ರಾಗಿ ಬಿಸ್ಕತ್ತು ತಿರುಗಿಸಿ ನೋಡಿ, ಎಷ್ಟೋ ಸಲ ಮೊದಲ ಹೆಸರೇ ಮೈದಾ ಅಥವಾ ಗೋಧಿ ಹಿಟ್ಟು. ನವಣೆ ನೂಡಲ್ಸ್, ರಾಗಿ ಶಾವಿಗೆ, ಸಿರಿಧಾನ್ಯದ ಬ್ರೆಡ್ಡು, ಮಲ್ಟಿಗ್ರೇನ್ ಹಿಟ್ಟು ಇವೆಲ್ಲ ಒಟ್ಟಾಗಿ ನಿಲ್ಲುವುದಕ್ಕೆ ಅಂಟು ಬೇಕು, ಆ ಅಂಟನ್ನು ಅಗ್ಗದಲ್ಲಿ ಕೊಡುವುದು ಗೋಧಿಯೇ. ರಾಗಿ ಹಿಟ್ಟನ್ನು ಲಟ್ಟಿಸಲು ಹೋಗಿ ಒಡೆದುಕೊಂಡವರಿಗೆಲ್ಲ ಇದು ಗೊತ್ತು. ಹಾಗಾಗಿ ತೆಳ್ಳಗೆ, ಗರಿಗರಿಯಾಗಿ, ಉದ್ದುದ್ದ ಎಳೆಯಾಗಿ ಇರುವ ಯಾವ ರಾಗಿ ತಿನಿಸನ್ನು ಕಂಡರೂ ಮೊದಲು ಅನುಮಾನ ಪಡಬೇಕು, ಆಮೇಲೆ ಓದಬೇಕು.

ಏನು ಓದಬೇಕು? ಮೊದಲು ಪದಾರ್ಥಗಳ ಪಟ್ಟಿಯ ಹತ್ತಿರ 'ಕಂಟೈನ್ಸ್' ಎಂದು ಶುರುವಾಗುವ ಸಾಲು. ಗೋಧಿ, ರೈ, ಬಾರ್ಲಿ, ಓಟ್ಸ್, ಸ್ಪೆಲ್ಟ್ ಮತ್ತು ಇವುಗಳ ಮಿಶ್ರತಳಿಗಳು ಇದ್ದರೆ ಅಲ್ಲಿ ಹೇಳಲೇಬೇಕು, 2020ರ ಲೇಬಲಿಂಗ್ ನಿಯಮದಲ್ಲಿ ಅದು ಕಡ್ಡಾಯ. ಪಟ್ಟಿಗಿಂತ ಈ ಸಾಲು ಯಾಕೆ ಮುಖ್ಯ ಅಂದರೆ, ಒಂದು ಮಿಶ್ರ ಪದಾರ್ಥ 5%ಗಿಂತ ಕಡಿಮೆ ಇದ್ದರೆ ಅದರೊಳಗೆ ಏನೇನಿದೆ ಎಂದು ಪಟ್ಟಿಯಲ್ಲಿ ಬಿಡಿಸಿ ಬರೆಯದೆ ಇರಲು ಅವಕಾಶವಿದೆ. ಪಟ್ಟಿಯಲ್ಲಿ ಬರೀ 'ಇಂಗು' ಅಂತ ಇರುತ್ತದೆ, ಇಂಗಿನೊಳಗಿನ ಗೋಧಿ ಕಾಣಿಸುವುದು ಈ ಸಾಲಿನಲ್ಲಿ ಮಾತ್ರ.

ಆಮೇಲೆ 'ಮೇ ಕಂಟೈನ್' ಸಾಲು. ಅದೇ ಯಂತ್ರದಲ್ಲಿ ಗೋಧಿಯೂ ಓಡುತ್ತದೆ ಎಂಬ ಎಚ್ಚರಿಕೆ ಅದು. ಅಲ್ಲಿ ಗೋಧಿ ಅಂತಿದ್ದರೆ ಪ್ಯಾಕೆಟ್ ಕೆಳಗಿಡಿ. ಆದರೆ ಆ ಸಾಲು ಇಲ್ಲ ಎಂದ ಮಾತ್ರಕ್ಕೆ ಬೆರಕೆ ಇಲ್ಲ ಎಂದು ಅರ್ಥವಲ್ಲ. ಬರೆಯದೆ ಇರುವವರೂ ಇದ್ದಾರೆ.

ಇನ್ನು ಪದಗಳು. ಸೂಜಿ (ಅಂದರೆ ರವೆ), ಸೆಮೊಲಿನ, ದಲಿಯಾ, ಡ್ಯೂರಮ್, ಕೂಸ್ಕೂಸ್, ಕಪ್ಲಿ ಎಲ್ಲವೂ ಗೋಧಿಯೇ. ಕಪ್ಲಿಯನ್ನು 'ಹಳೇ ತಳಿ, ಏನೂ ಆಗಲ್ಲ' ಎಂದು ಮಾರುತ್ತಾರೆ, ಸೀಲಿಯಾಕ್ ಇರುವವರಿಗೆ ಅದೂ ವಿಷವೇ. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. 'ವೀಟ್ ಫ್ರೀ' ಎಂದರೆ ಗ್ಲುಟನ್ ಫ್ರೀ ಅಲ್ಲ, ಬಾರ್ಲಿ ಇರಬಹುದು. ಓಟ್ಸ್ ತಾನಾಗಿ ಹೆಚ್ಚಿನವರಿಗೆ ಆಗುತ್ತದೆ, ಆದರೆ ಅಂಗಡಿಯ ಮಾಮೂಲಿ ಓಟ್ಸ್‌ನಲ್ಲಿ ಹೊಲದಿಂದಲೇ ಗೋಧಿ, ಬಾರ್ಲಿ ಬೆರೆತು ಬಂದಿರುತ್ತದೆ. ಗ್ಲುಟನ್ ಫ್ರೀ ಎಂದು ಪರೀಕ್ಷೆಯಾದ ಓಟ್ಸನ್ನು ಮಾತ್ರ, ಅದೂ ವೈದ್ಯರನ್ನು ಕೇಳಿ ತಿನ್ನಬೇಕು. ಇದಕ್ಕೆ ವಿರುದ್ಧವಾಗಿ ಸುಮ್ಮನೆ ಹೆದರಿಸುವ ಪದಗಳೂ ಇವೆ. ಬಕ್‌ವೀಟ್‌ಗೂ ಗೋಧಿಗೂ ಸಂಬಂಧವಿಲ್ಲ. ಗ್ಲುಟಿನಸ್ ರೈಸ್ ಅಂದರೆ ಅಂಟಕ್ಕಿ, ಅದರಲ್ಲಿ ಗ್ಲುಟನ್ ಇಲ್ಲ. ಮಾಲ್ಟೋಡೆಕ್ಸ್ಟ್ರಿನ್ ಎಂಬುದು ಮಾಲ್ಟ್ ಅಲ್ಲ.

ಮಾಲ್ಟ್ ಎಂದ ಕೂಡಲೇ ನಮ್ಮ ಊರಿನಲ್ಲಿ ಇನ್ನೊಂದು ಗೊಂದಲ. ನಮಗೆ ಮಾಲ್ಟ್ ಅಂದರೆ ರಾಗಿ ಮಾಲ್ಟ್: ರಾಗಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಪುಡಿ ಮಾಡಿದ್ದು. ಬರೀ ರಾಗಿಯದಾದರೆ ತೊಂದರೆ ಇಲ್ಲ. ಆದರೆ ಲೇಬಲ್ ಮೇಲೆ ಮಾಲ್ಟ್, ಮಾಲ್ಟ್ ಎಕ್ಸ್‌ಟ್ರಾಕ್ಟ್ ಎಂದು ಮಾತ್ರ ಬರೆದಿದ್ದರೆ ಅದು ಬಾರ್ಲಿ ಎಂದೇ ತಿಳಿಯಬೇಕು. ಮಕ್ಕಳ ಹಾಲಿಗೆ ಹಾಕುವ ಪುಡಿಗಳಲ್ಲಿ, ಕಾರ್ನ್‌ಫ್ಲೇಕ್ಸ್‌ನಲ್ಲಿ, ಕೆಲವು ಚಾಕೊಲೇಟುಗಳಲ್ಲಿ ಇರುವುದು ಅದೇ. ಮೆಕ್ಕೆಜೋಳದ ಕಾರ್ನ್‌ಫ್ಲೇಕ್ಸ್ ಅಲ್ಲವೇ ಎಂದು ಕೊಟ್ಟುಬಿಡುತ್ತಾರೆ, ರುಚಿಗೆಂದು ಬಾರ್ಲಿ ಮಾಲ್ಟ್ ಹಾಕಿರುತ್ತಾರೆ ಎಂಬುದು ಹಿಂಭಾಗದಲ್ಲಿದೆ. ಮತ್ತೆ ಅದೇ ಹಿಂಭಾಗ!

ಈಗ ಇಂಗು. ನಮ್ಮ ಅಡುಗೆಮನೆಯಲ್ಲಿ ಯಾರೂ ಅನುಮಾನಿಸದ ಡಬ್ಬಿ. ಶುದ್ಧ ಇಂಗಿನ ಘಾಟು ತಡೆಯಲಾಗುವುದಿಲ್ಲವೆಂದು ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಬಹಳಷ್ಟು ಕಡೆ ಗೋಧಿಯದು ಇಲ್ಲವೇ ಮೈದಾ. ಪುಡಿ ಇಂಗು ಮಾತ್ರ ಹಾಗೆ ಎಂದುಕೊಳ್ಳಬೇಡಿ, ಗಟ್ಟಿ ಇಂಗಿನ ಡಬ್ಬಿಯನ್ನೂ ಓದಿ. ಕಾಲು ಚಮಚ ಇಂಗಿನಲ್ಲಿ ಅರ್ಧದಷ್ಟು ಗೋಧಿ ಹಿಟ್ಟಿದ್ದರೆ ಒಂದು ಪಾತ್ರೆ ಸಾರಿಗೆ ಸುಮಾರು 30 ಮಿಲಿಗ್ರಾಂ ಗ್ಲುಟನ್ ಸೇರುತ್ತದೆ. ನಾಲ್ಕು ಜನ ಹಂಚಿಕೊಂಡರೆ ತಲೆಗೆ ಏಳೆಂಟು. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರ ಕರುಳು ತಡೆದುಕೊಳ್ಳುತ್ತದೆ, 50 ಮಿಲಿಗ್ರಾಂ ದಿನವೂ ಹೋದರೆ ಹಾನಿಯಾಗುತ್ತದೆ ಎಂಬುದು ಸಂಶೋಧಕರು ಕಂಡುಕೊಂಡ ಅಳತೆ. ಬರೀ ಸಾರೇ ಇಷ್ಟಾದರೆ, ಹುಳಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಮಜ್ಜಿಗೆಯ ಒಗ್ಗರಣೆ ಎಲ್ಲದರಲ್ಲೂ ಅದೇ ಇಂಗು. ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ರುಚಿಯೂ ಅದೇ. ಮನೆಯವರಿಗೆಲ್ಲ ಅದನ್ನೇ ಬಳಸಿದರೆ ಮುಗಿಯಿತು. ಗೋಧಿ ಬಿಟ್ಟ ಮೇಲೂ ರಕ್ತಪರೀಕ್ಷೆಯಲ್ಲಿ ಈ ಕಾಯಿಲೆಯನ್ನು ಸೂಚಿಸುವ ಟಿಟಿಜಿ ಅಂಕಿ ಇಳಿಯುತ್ತಿಲ್ಲ ಎನ್ನುವವರು ಮೊದಲು ತೆಗೆದು ನೋಡಬೇಕಾದ ಡಬ್ಬಿಗಳಲ್ಲಿ ಇದೂ ಒಂದು.

"ನಮ್ಮದು ಅಕ್ಕಿ, ರಾಗಿಯ ನಾಡು, ಈ ಕಾಯಿಲೆ ಉತ್ತರದವರದ್ದು, ಇಲ್ಲಿ ಬದುಕೋದು ಸುಲಭ" ಎನ್ನುವವರಿದ್ದಾರೆ. ಅರ್ಧ ನಿಜ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10 ಎಂದು ಕಂಡುಬಂತು. ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಕೋಟಿ ದಾಟಿದ ಬೆಂಗಳೂರಿಗೆ ಆ ಲೆಕ್ಕ ಹಾಕಿದರೂ ಹತ್ತು ಸಾವಿರ ಜನ, ಉತ್ತರದಿಂದ ಬಂದು ನೆಲೆಸಿದವರನ್ನು ಬೇರೆ ಎಣಿಸಬೇಕು. ಇನ್ನು ಸುಲಭ ಎನ್ನುವ ಮಾತು. ಬೆಳಗಿನ ಹೋಟೆಲಿನಲ್ಲಿ ಉಪ್ಪಿಟ್ಟು, ಕೇಸರಿಬಾತ್, ಶಾವಿಗೆ ಬಾತ್, ರವೆ ಇಡ್ಲಿ, ರವೆ ದೋಸೆ, ಪೂರಿ, ಪರೋಟ, ಬನ್ಸು, ಗೋಳಿಬಜೆ, ಮದ್ದೂರು ವಡೆ, ಇಷ್ಟರಲ್ಲೂ ಗೋಧಿ. ಉದ್ದಿನ ವಡೆಯ ಹಿಟ್ಟಿಗೂ ಕೆಲವರು ರವೆ ಹಾಕುತ್ತಾರೆ, ಹಾಕದಿದ್ದರೂ ಕರಿಯುವ ಎಣ್ಣೆ ಅದೇ. ಖಾಲಿ ದೋಸೆ ಕೇಳಿದರೆ ಅದೇ ಕಾವಲಿಯ ಮೇಲೆ ಈಗಷ್ಟೇ ರವೆ ದೋಸೆ ಎದ್ದಿರುತ್ತದೆ. ಕೋಡುಬಳೆಗೆ ಚಿರೋಟಿ ರವೆ, ನಿಪ್ಪಟ್ಟಿಗೆ ಮೈದಾ, ಒಬ್ಬಟ್ಟಿನ ಕಣಕಕ್ಕೆ ಎರಡೂ. ಅಕ್ಕಿ ರಾಗಿಯ ನಾಡಿನಲ್ಲಿ ಅಕ್ಕಿ ರಾಗಿಯ ಜೊತೆಗೇ ಗೋಧಿ ಕೂತಿದೆ.

ಕೂತಿರುವುದು ಎಲ್ಲಿ ಗೊತ್ತೇ? ಗಿರಣಿಯಲ್ಲಿ. ಗೋಧಿ ಬೀಸಿದ ಮೇಲೆ ಕಲ್ಲಿನ ಸಂದಿಯಲ್ಲಿ, ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಲ್ಲಿ ಹಿಟ್ಟು ಉಳಿಯುತ್ತದೆ. ಮುಂದೆ ಬೀಸುವ ರಾಗಿಗೆ ಅದೆಲ್ಲ ಸೇರುತ್ತದೆ. ಒಂದು ಕೆಜಿ ರಾಗಿ ಹಿಟ್ಟಿಗೆ ಬರೀ ಒಂದು ಗ್ರಾಂ ಗೋಧಿ ಹಿಟ್ಟು ಸೇರಿದರೆ ಅದು 80ರಿಂದ 100 ಪಿಪಿಎಂ (ಕೆಜಿಗೆ ಅಷ್ಟು ಮಿಲಿಗ್ರಾಂ) ಗ್ಲುಟನ್, ಮಿತಿಯ ನಾಲ್ಕೈದು ಪಟ್ಟು. "ಒರೆಸಿ ಹಾಕ್ತೀನಿ ಬಿಡಿ ಅಮ್ಮ" ಎಂದರೆ ಸಾಲದು. ಮೊದಲು ಒಂದೆರಡು ಕೆಜಿ ಅಕ್ಕಿ ಬೀಸಿ ಆ ಹಿಟ್ಟನ್ನು ಬೇರೆಯವರಿಗೆ ಕೊಟ್ಟರೆ ಬೆರಕೆ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಖಾರದಪುಡಿ ಯಂತ್ರಕ್ಕೆ ಯಾವ ಗಿರಣಿಯವರೂ ಗೋಧಿ ಸುರಿಯುವುದಿಲ್ಲ, ಚಪಾತಿ ಖಾರವಾದೀತೆಂದು. ಅಂದರೆ ಉಳಿದ ಹಿಟ್ಟು ಮುಂದಿನದಕ್ಕೆ ಸೇರುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಗೋಧಿಗೂ ಅದೇ ನ್ಯಾಯ ಎಂದು ವಿವರಿಸಿ ಕೇಳಿದರೆ ಒಪ್ಪುವವರಿದ್ದಾರೆ. ಅಕ್ಕಿ, ರಾಗಿಗೆ ಮಾತ್ರ ಮೀಸಲಾದ ಯಂತ್ರವಿರುವ ಗಿರಣಿ ಹುಡುಕಿ. ಸಿಗದಿದ್ದರೆ ಮಿಕ್ಸಿಯಲ್ಲಿ ಇನ್ನೂರು ಇನ್ನೂರು ಗ್ರಾಂ ಹಾಕಿ ಪುಡಿ ಮಾಡಿ ಜರಡಿ ಹಿಡಿಯಿರಿ. ಗೋಧಿ ಹಿಟ್ಟಿಗೆ ಬಳಸಿದ ಜರಡಿ ಬೇಡ, ಅದರ ಕಣ್ಣುಗಳಲ್ಲೂ ಹಿಟ್ಟು ಕೂತಿರುತ್ತದೆ.

ಬೀಸುವ ಮುಂಚೆ ಕಾಳು ನೋಡಿ. ಒಂದು ಗೋಧಿ ಕಾಳು ಸುಮಾರು 40 ಮಿಲಿಗ್ರಾಂ ತೂಗುತ್ತದೆ. ಒಂದು ಕೆಜಿಯಲ್ಲಿ ಐದು ಕಾಳು ಸೇರಿದ್ದರೆ ಸಾಕು, ಹಿಟ್ಟು 20 ಪಿಪಿಎಂ ಗಡಿ ಮುಟ್ಟುತ್ತದೆ. ರಾಗಿಯಲ್ಲಿ ಇದನ್ನು ಬೇರ್ಪಡಿಸುವುದು ಸಲೀಸು: ಎರಡು ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ರಾಗಿ ಕೆಳಗಿಳಿಯುತ್ತದೆ, ಗೋಧಿ ಮೇಲೆ ನಿಲ್ಲುತ್ತದೆ. ನವಣೆ, ಸಾಮೆಗೂ ಹೀಗೇ ಮಾಡಿ ನೋಡಬಹುದು. ಅಕ್ಕಿಗೂ ಜೋಳಕ್ಕೂ ಜರಡಿ ಕೆಲಸ ಮಾಡದು. ಮೊರದಲ್ಲಿ ತೆಳ್ಳಗೆ ಹರಡಿ, ಬೆಳಕಿನಲ್ಲಿ, ನಡುವೆ ಸೀಳಿರುವ ಕಂದು ಕಾಳನ್ನು ಕಣ್ಣಿಂದಲೇ ಆರಿಸಬೇಕು. ಆಮೇಲೆ ತೊಳೆದು ಒಣಗಿಸಬೇಕು. ದಿನಸಿ ಅಂಗಡಿಯ ತೆರೆದ ಚೀಲದಿಂದ ಹಿಟ್ಟು ತರಲೇಬೇಡಿ. ಗೋಧಿ ಹಿಟ್ಟಿನಲ್ಲಿ ಅದ್ದಿದ ಅಳತೆ ಡಬ್ಬಿಯೇ ಮರುಕ್ಷಣ ರಾಗಿ ಹಿಟ್ಟಿನಲ್ಲಿ, ಕಡಲೆ ಹಿಟ್ಟಿನಲ್ಲಿ ಅದ್ದುತ್ತದೆ.

"ಒಂದು ಚಮಚ ಪ್ರಸಾದ, ಏನಾಗಲ್ಲ ಬಿಡಿ" ಎಂಬ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ, ಯಾಕೆಂದರೆ ಅದನ್ನು ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ಒಂದು ಚಮಚದಲ್ಲಿ ಒಂದು ಗ್ರಾಂ ರವೆ ಇದ್ದರೂ 80ರಿಂದ 100 ಮಿಲಿಗ್ರಾಂ ಗ್ಲುಟನ್. ಆ ದಿನದ ಮಿತಿಯ ಎಂಟು ಹತ್ತು ಪಟ್ಟು. ಮಗು ಆವತ್ತು ವಾಂತಿ ಮಾಡದಿರಬಹುದು, ಹೊಟ್ಟೆನೋವು ಎನ್ನದಿರಬಹುದು. ಇದು ಮೈ ತುರಿಸಿ ಹೋಗುವ ಅಲರ್ಜಿಯಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣಕರುಳಿನ ಮೇಲೆ ಬೀಳುತ್ತದೆ, ಆಹಾರ ಹೀರುವ ಎಳೆಗಳು ಸವೆಯುತ್ತವೆ. ಕಬ್ಬಿಣಾಂಶ ಸೇರುವುದಿಲ್ಲ, ಮೂಳೆ ಗಟ್ಟಿಯಾಗುವುದಿಲ್ಲ, ಮಗು ಎತ್ತರ ಬೆಳೆಯುವುದಿಲ್ಲ. ಹೊರಗೆ ಏನೂ ಕಾಣದೆಯೇ ಇದೆಲ್ಲ ಆಗಬಹುದು. ಪೂಜೆಯ ಮನೆಯವರಿಗೆ ಒಂದು ಕೋರಿಕೆ: ಆ ಮಗುವಿಗೆ ಹಾಲು, ಬಾಳೆಹಣ್ಣು, ಕಲ್ಲುಸಕ್ಕರೆ ಕೊಡಿ. ಸಜ್ಜಿಗೆ ಬಡಿಸಿದ ಚಮಚದಲ್ಲಿ ಬೇಡ.

ಇನ್ನೊಂದು ಸಂಕಟವೂ ಇದೆ. ಲೇಬಲ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಎಫ್‌ಎಸ್‌ಎಸ್‌ಎಐ ನಿಯಮಕ್ಕೆ ಸಾಕು, ಅದು ಕನ್ನಡವನ್ನು ಕಡ್ಡಾಯ ಮಾಡಿಲ್ಲ. ಮುಂಭಾಗದಲ್ಲಿ 'ರಾಗಿ' ಎಂದು ದೊಡ್ಡ ಕನ್ನಡ ಅಕ್ಷರ, ಹಿಂಭಾಗದ ಎಚ್ಚರಿಕೆ ಮಾತ್ರ ಕಣ್ಣಿಗೆ ಕಾಣದ ಇಂಗ್ಲಿಷಿನಲ್ಲಿ. ಮೊಮ್ಮಗಳಿಗೆ ತಿಂಡಿ ತರುವ ಅಜ್ಜಿ ಓದುವುದು ಯಾವುದನ್ನು? 'ಗೋಧಿ ಇದೆ' ಎಂಬ ಎರಡು ಪದವನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಜಾಗ ಎಷ್ಟು ಬೇಕು?

ಇವತ್ತಿನ ಅಂಗಡಿಯವರು ಕೆಟ್ಟವರಲ್ಲ. ಪಟ್ಟಿ ತೋರಿಸಿದಾಗ ಮುಖ ಸಪ್ಪಗಾಯಿತು, ಚೀಟಿ ತಯಾರಕರೇ ಅಂಟಿಸಿ ಕಳಿಸಿದ್ದು ಎಂದರು. ಹಾಗಿದ್ದರೆ ದೂರು ತಯಾರಕರ ಮೇಲೆ. ಇಂಥದ್ದು ಕಂಡರೆ ಹೀಗೆ ಮಾಡಿ: ಪ್ಯಾಕೆಟ್ಟಿನ ಮುಂಭಾಗ, ಹಿಂಭಾಗ ಎರಡರದ್ದೂ ಫೋಟೊ ತೆಗೆಯಿರಿ. ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಸ್ಪಷ್ಟವಾಗಿ ಕಾಣಬೇಕು. ಬಿಲ್ ಇಟ್ಟುಕೊಳ್ಳಿ, ಪ್ಯಾಕೆಟ್ ಒಡೆಯಬೇಡಿ. ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲಿ ದೂರು ಕೊಡಿ. ನಾನು ಆ ಪ್ಯಾಕೆಟ್ಟನ್ನು ದುಡ್ಡು ಕೊಟ್ಟು ತಂದಿದ್ದೇನೆ, ಮೇಜಿನ ಮೇಲಿದೆ, ಫೋಟೊ ತೆಗೆದಾಯಿತು. ಈ ಬರಹ ಹಾಕಿದ ಮೇಲೆ ಮಾಡುವ ಕೆಲಸ ಅದೇ.