ಬೀಚ್ ಯಾವಾಗ ಓಪನ್ ಆಗುತ್ತಂತೆ?

ನಿನ್ನೆ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಇಲ್ಲಿ ಫ್ಲೋರಿಡಾದಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಮಾತು ಮೊದಲು ಮನೆ ಇನ್ಶೂರೆನ್ಸಿಗೆ, ಆಮೇಲೆ ಕ್ರೂಸಿಗೆ ಹೋಗುತ್ತದೆ, ನಿಮಗೆ ಗೊತ್ತಲ್ಲ. ಬಿಸಿಬೇಳೆ ಬಾತ್ ಬಡಿಸಿಕೊಳ್ಳುತ್ತಿದ್ದ ಒಬ್ಬರು ಸಿಕ್ಕಾಪಟ್ಟೆ ಉರಿದುಕೊಂಡಿದ್ದರು. ಚಂಡಮಾರುತ ಬಂದು ಕ್ರೂಸ್ ಕಂಪನಿಯ ಖಾಸಗಿ ದ್ವೀಪ ಹಾಳಾಯಿತಂತೆ. ಹಡಗನ್ನು ಬಹಾಮಾಸ್‌ನ ರಾಜಧಾನಿ ನಸ್ಸೌಗೆ ತಿರುಗಿಸಿದರಂತೆ. ಕೈಗೆ ವಾಪಸ್ ಬಂದದ್ದು ಬಂದರು ತೆರಿಗೆಯ ಚಿಲ್ಲರೆ ಮಾತ್ರ. "ನಸ್ಸೌನಲ್ಲಿ ಏನಿದೆ ರೀ, ಬರೀ ಲೋಕಲ್ ಜನ. ನಮ್ಮ ಬೀಚ್ ಯಾವಾಗ ಓಪನ್ ಆಗುತ್ತೆ ಅಂತ ಕೇಳಿದ್ರೆ ಒಬ್ಬರೂ ಸರಿಯಾಗಿ ಹೇಳಲ್ಲ!"

ಬರೀ ಲೋಕಲ್ ಜನ! ಬಹಾಮಾಸ್‌ನಲ್ಲಿ ಇನ್ಯಾರು ಇರಬೇಕಿತ್ತು, ಮಲ್ಲೇಶ್ವರದವರಾ?

ಹೆಂಡತಿ ಕಣ್ಣಲ್ಲೇ ತಡೆದಳು. ಹಪ್ಪಳ ಮುರಿಯುತ್ತಾ ಸುಮ್ಮನೆ ಕೂತೆ. ಅಲ್ಲಿ ನುಂಗಿದ್ದನ್ನು ಇಲ್ಲಿ ಕಕ್ಕುತ್ತಿದ್ದೇನೆ, ಸಹಿಸಿಕೊಳ್ಳಿ.

ಊರಲ್ಲಿರುವ ಗೆಳೆಯರಿಗೆ ಈ "ಖಾಸಗಿ ದ್ವೀಪ"ದ ವ್ಯವಹಾರ ಸ್ವಲ್ಪ ಹೇಳಬೇಕು. ದೊಡ್ಡ ಕ್ರೂಸ್ ಕಂಪನಿಗಳು ಬಹಾಮಾಸ್‌ನಲ್ಲಿ ಒಂದೊಂದು ಪುಟ್ಟ ದ್ವೀಪ ಇಟ್ಟುಕೊಂಡಿವೆ. ಇದನ್ನು ಶುರು ಮಾಡಿದ್ದು ನಾರ್ವೀಜಿಯನ್ ಎಂಬ ಕ್ರೂಸ್ ಕಂಪನಿ, 1977ರಲ್ಲಿ, ಗ್ರೇಟ್ ಸ್ಟಿರಪ್ ಕೇಯಲ್ಲಿ (ಕೇ ಅಂದರೆ ಪುಟ್ಟ ದ್ವೀಪ). ಡಿಸ್ನಿಯ ಕ್ಯಾಸ್ಟವೇ ಕೇ 1998ರಲ್ಲಿ ಬಂತು. ರಾಯಲ್ ಕೆರಿಬಿಯನ್ 25 ಕೋಟಿ ಡಾಲರ್ ಸುರಿದು 2019ರಲ್ಲಿ ಕೊಕೊಕೇ ದ್ವೀಪವನ್ನು ವಾಟರ್ ಪಾರ್ಕ್ ಮಾಡಿತು. ಅಮೆರಿಕದಲ್ಲಿ 1886ರ ಒಂದು ಕಾನೂನು ಇದೆ. ವಿದೇಶಿ ಬಾವುಟದ ಹಡಗು ಇಲ್ಲಿ ಹತ್ತಿಸಿಕೊಂಡವರನ್ನು ಸುತ್ತಾಡಿಸಿ ಇಲ್ಲೇ ಇಳಿಸಬೇಕಾದರೆ ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ಖಾಸಗಿ ದ್ವೀಪ ಮುಟ್ಟಿದರೂ ಲೆಕ್ಕಕ್ಕೆ ಬರುತ್ತದೆ. ಎಷ್ಟೋ ಹಡಗುಗಳ ಹಿಂಭಾಗದಲ್ಲಿ ದೊಡ್ಡದಾಗಿ "ನಸ್ಸೌ" ಅಂತಲೇ ಬರೆದಿರುತ್ತದೆ, ನೋಂದಣಿ ಅಲ್ಲಿಯದು. ಅಂದರೆ ಬಹಾಮಾಸ್‌ನ ಬಾವುಟ ಬೇಕು, ಮರಳು ಬೇಕು, ನೀಲಿ ನೀರು ಬೇಕು. ಬಹಾಮಾಸ್‌ನ ಜನ ಮಾತ್ರ "ಬರೀ ಲೋಕಲ್".

ಊಟ ಕೂಡ ಅಲ್ಲಿಯದಲ್ಲ. ಉಡುಪಿಯ ನನ್ನ ದೊಡ್ಡಮ್ಮನ ಮಗ ಹಡಗಿನ ಅಡುಗೆಮನೆಯಲ್ಲಿದ್ದಾನಲ್ಲ, ಅವನು ಹೇಳುವುದು ಕೇಳಬೇಕು. ದ್ವೀಪದ ದಿನ ಅಂದರೆ ಬೆಳಗಾಗುವ ಮೊದಲೇ ಬರ್ಗರ್, ಕಲ್ಲಂಗಡಿ, ಐಸ್ ಎಲ್ಲ ಹಡಗಿನಿಂದ ಇಳಿಸಬೇಕು, ಸಂಜೆ ಪಾತ್ರೆ ಪಗಡಿ ಮತ್ತೆ ಏರಿಸಬೇಕು. ಸ್ಟಾಪ್ ಕ್ಯಾನ್ಸಲ್ ಆದರೆ ಅವನಿಗೆ ಹಬ್ಬ.

ಈಗ ವಿಷಯಕ್ಕೆ ಬರುತ್ತೇನೆ. 2019ರ ಸೆಪ್ಟೆಂಬರ್ 1ರಂದು ಡೋರಿಯನ್ ಚಂಡಮಾರುತ ಬಹಾಮಾಸ್‌ನ ಆಬಾಕೋ ದ್ವೀಪಗಳಿಗೆ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 295 ಕಿ.ಮೀ. ಮರುದಿನ ಪಕ್ಕದ ಗ್ರ್ಯಾಂಡ್ ಬಹಾಮಾ ದ್ವೀಪದ ಮೇಲೆ ಬಂದು ಹೆಚ್ಚುಕಡಿಮೆ ನಿಂತೇಬಿಟ್ಟಿತು. ಅಲ್ಲಿನ ಫ್ರೀಪೋರ್ಟ್ ವಿಮಾನ ನಿಲ್ದಾಣ ಮುಳುಗಿತು, ಆಸ್ಪತ್ರೆಗೆ ನೀರು ನುಗ್ಗಿತು. ಆಬಾಕೋದ ಮಾರ್ಷ್ ಹಾರ್ಬರ್ ಊರಿನಲ್ಲಿ ಹೈಟಿಯಿಂದ ಬಂದ ಕೂಲಿಯವರ "ದಿ ಮಡ್" ಎಂಬ ಬಡಾವಣೆ ನೆಲಸಮವಾಯಿತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 70ಕ್ಕಿಂತ ಜಾಸ್ತಿ. ಕಾಣೆಯಾದವರು ನೂರಾರು.

ಆಗ ಇಲ್ಲಿನ ಜನ ಏನು ಕೇಳುತ್ತಿದ್ದರು? "ಕ್ಯಾಸ್ಟವೇ ಕೇ ಚೆನ್ನಾಗಿದೆಯಾ?" ಚೆನ್ನಾಗಿತ್ತು. ಅದು ಇರುವುದು ಅದೇ ಆಬಾಕೋದ ದಕ್ಷಿಣ ತುದಿಯ ಹತ್ತಿರ, ಆದರೆ ಬಿರುಗಾಳಿಯ ಕಣ್ಣು ಉತ್ತರಕ್ಕೆ ಹಾದುಹೋಯಿತು. ಆಬಾಕೋ ಮತ್ತು ಗ್ರ್ಯಾಂಡ್ ಬಹಾಮಾದ 60ಕ್ಕೂ ಹೆಚ್ಚು ಜನ ಅಲ್ಲಿ ನೌಕರಿಯಲ್ಲಿದ್ದರು, ಅವರಲ್ಲಿ ಕೆಲವರು ಆ ಹೊತ್ತಿನಲ್ಲಿ ಆ ದ್ವೀಪದಲ್ಲೇ ಉಳಿದಿದ್ದರು. ಅವರು ಬದುಕಿಕೊಂಡರು. ಅವರ ಮನೆಗಳಿದ್ದದ್ದು ಆಚೆ ಕಡೆ. ಆ ಮನೆಗಳ ವಿಷಯ ಕೇಳಿದ ಒಬ್ಬ ಪ್ರವಾಸಿಯನ್ನೂ ನಾನು ಕಾಣೆ. "ಬೀಚ್ ಯಾವಾಗ ಓಪನ್?" ಇಷ್ಟೇ.

ಒಂದು ವಿಷಯ ಹೇಳಿಬಿಡುತ್ತೇನೆ, ನಾನೇನು ಸಾಧು ಅಲ್ಲ. ನನಗೆ ಕ್ರೂಸ್ ಅಂದರೆ ಇಷ್ಟ. ಆ ಆರಾಮಕುರ್ಚಿ, ಆ ನೀರು, ಯಾರೂ ಫೋನ್ ಮಾಡದ ಮಧ್ಯಾಹ್ನ. ಕರೆದರೆ ನಾಳೆಯೇ ಹೋಗುತ್ತೇನೆ. ಡೋರಿಯನ್ ಆಗಿ ಕೆಲವು ವರ್ಷಗಳ ಮೇಲೆ ಅಂಥದೊಂದು ದ್ವೀಪದಲ್ಲಿ ಮಗಳಿಗೆ ಜಡೆ ಹಾಕಿಸಲು ಕೂತಿದ್ದೆವು. ಜಡೆ ಹೆಣೆಯುವ ಹೆಂಗಸು ಆಬಾಕೋದವಳು. ನೀರು ಎಲ್ಲಿಯವರೆಗೆ ಬಂದಿತ್ತು ಅಂತ ನಾನೇ ಕೇಳಿದೆ. ಬಾಚಣಿಗೆ ಹಿಡಿದ ಕೈಯನ್ನು ತಲೆಗಿಂತ ಮೇಲೆ ಎತ್ತಿ ತೋರಿಸಿದಳು. ಆಮೇಲೆ ಮಗಳ ಕಡೆ ತಿರುಗಿ, ಮಣಿ ನೀಲಿಯದು ಬೇಕೋ ಗುಲಾಬಿಯದೋ ಅಂತ ಕೇಳಿದಳು. ಅವಳ ಮನೆಗೆ ಚಾವಣಿ ಹಾಕಿ ಆಗಿರಲಿಲ್ಲ, ಟಾರ್ಪಾಲಿನ್ ಕಟ್ಟಿದ್ದರು. ನಾವು ಕೂತಿದ್ದ ಕಡೆ ಒಂದೇ ಒಂದು ತೆಂಗಿನ ಮರವೂ ಓರೆಯಾಗಿರಲಿಲ್ಲ.

"ಕಂಪನಿ ತನ್ನ ದುಡ್ಡಲ್ಲಿ ತನ್ನ ಜಾಗ ಸರಿ ಮಾಡಿಕೊಂಡ್ರೆ ನಿಂಗೇನಪ್ಪಾ ಹೊಟ್ಟೆ ಉರಿ? ಅಲ್ಲಿನವರಿಗೇ ಕೆಲಸ ಸಿಗುತ್ತೆ ಅಲ್ವಾ?" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಸಿಗುತ್ತದೆ, ನಿಜ. ಡೋರಿಯನ್ ಸಮಯದಲ್ಲಿ ರಾಯಲ್ ಕೆರಿಬಿಯನ್ ಹಡಗುಗಳು ಸಾವಿರಾರು ಊಟ ಕೊಟ್ಟವು. ಡಿಸ್ನಿ 10 ಲಕ್ಷ ಡಾಲರ್‌ಗಿಂತ ಹೆಚ್ಚು ನೆರವು ಘೋಷಿಸಿತು. ಗ್ರ್ಯಾಂಡ್ ಸೆಲೆಬ್ರೇಷನ್ ಅನ್ನುವ ಹಡಗು ಸಾವಿರಕ್ಕೂ ಹೆಚ್ಚು ಜನರನ್ನು ಪಾಮ್ ಬೀಚ್‌ಗೆ ತಂದು ಬಿಟ್ಟಿತು. ಒಳ್ಳೆಯದು, ಕೈ ಮುಗಿಯುತ್ತೇನೆ. ಆದರೆ ನನ್ನ ಜಗಳ ಕಂಪನಿ ಜೊತೆಗಲ್ಲ ಸ್ವಾಮಿ. ಕಂಪನಿ ಯಾವುದಕ್ಕೆ ಬೆಲೆ ಇದೆಯೋ ಅದನ್ನು ಮೊದಲು ರಿಪೇರಿ ಮಾಡುತ್ತದೆ. ಬೆಲೆ ಕಟ್ಟುವವರು ನಾವು.

ಗ್ರ್ಯಾಂಡ್ ಬಹಾಮಾವನ್ನೇ ನೋಡಿ. ಹಾಳಾದ ಫ್ರೀಪೋರ್ಟ್ ವಿಮಾನ ನಿಲ್ದಾಣವನ್ನು ಸರ್ಕಾರ 2021ರಲ್ಲಿ 1 ಡಾಲರ್‌ಗೆ ಕೊಂಡಿತು. ಹೊಸ ಟರ್ಮಿನಲ್ ಇವತ್ತು ಬರುತ್ತೆ, ನಾಳೆ ಬರುತ್ತೆ ಅನ್ನುತ್ತಲೇ ಇದ್ದರು. ಅದೇ ದ್ವೀಪದಲ್ಲಿ ಕಾರ್ನಿವಲ್ ಕಂಪನಿಯ 60 ಕೋಟಿ ಡಾಲರ್‌ನ ಸೆಲೆಬ್ರೇಷನ್ ಕೀ ಅನ್ನುವ ಖಾಸಗಿ ಬೀಚ್ ತಾಣ 2025ರ ಜುಲೈಯಲ್ಲಿ ಧಾಂಧೂಂ ಅಂತ ತೆರೆಯಿತು. ಆಗಲೂ ಟರ್ಮಿನಲ್ ಬಂದಿರಲಿಲ್ಲ. ಹಡಗಿನಲ್ಲಿ ಬರುವವರಿಗೆ ಜಾಗ ರೆಡಿ, ಅಲ್ಲೇ ಹುಟ್ಟಿದವರು ವಿಮಾನಕ್ಕೆ ಕಾಯಲಿ. ನಿನ್ನೆಯ ಊಟದಲ್ಲಿ ಆ ಕೀ ಬಗ್ಗೆ ಅರ್ಧ ಗಂಟೆ ಮಾತಾಯಿತು, ಸ್ಲೈಡ್ ಎಷ್ಟು ಎತ್ತರ, ಡ್ರಿಂಕ್ಸ್ ಪ್ಯಾಕೇಜ್ ನಡೆಯುತ್ತಾ, ಇತ್ಯಾದಿ. ಡೋರಿಯನ್ ಹೆಸರು ಬಾಯಿಗೆ ಬರಲಿಲ್ಲ.

ಆ ಮಹನೀಯರು ನನ್ನ ಫ್ರೆಂಡ್ ಲಿಸ್ಟ್‌ನಲ್ಲಿ ಇದ್ದಾರೆ, ಓದಲಿ. ಸರ್, ಇನ್ನೊಮ್ಮೆ ನಿಮ್ಮ ಹಡಗನ್ನು ನಸ್ಸೌಗೆ ತಿರುಗಿಸಿದರೆ ಡೆಕ್ ಮೇಲೆ ಕೂತು ಗೊಣಗಬೇಡಿ. ಇಳಿದು ಪಶ್ಚಿಮಕ್ಕೆ ನಡೆಯಿರಿ, ಅರಾವಾಕ್ ಕೇ ಅಂತ ಊಟದ ಅಂಗಡಿಗಳ ಸಾಲು ಸಿಗುತ್ತದೆ. ಅಥವಾ 10ನೇ ನಂಬರಿನ ಜಿಟ್ನಿ ಬಸ್ ಹತ್ತಿ ಕೇಬಲ್ ಬೀಚ್‌ಗೆ ಹೋಗಿ, ಅಲ್ಲೂ ಮರಳು ಇದೆ. ನೀವು ಸಸ್ಯಾಹಾರಿ ಅಂತ ಗೊತ್ತು. ಅಲ್ಲಿನ ಪೀಸ್ ಅಂಡ್ ರೈಸ್ ಅನ್ನುವ ಅನ್ನ ನೋಡಲು ನಮ್ಮ ಕಾಳಿನ ಚಿತ್ರಾನ್ನದ ಹಾಗೇ ಇರುತ್ತದೆ, ಆದರೆ ಅದರಲ್ಲಿ ಹಂದಿಮಾಂಸ ಹಾಕಿರುವುದುಂಟು. ಅಂಗಡಿಯವರನ್ನು ಕೇಳಿಕೊಂಡು ತಿನ್ನಿ. ಲೋಕಲ್ ಜನ, ಹೇಳುತ್ತಾರೆ.